ನಾಟಕದ ಪುಸ್ತಕಕ್ಕೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುಸ್ತಕ ಪುಟವನ್ನು ತಪ್ಪದೆ ಓದುವವನು ನಾನು. ಕಾದಂಬರಿ, ಕಥೆ, ಕವಿತೆ, ಆತ್ಮಕಥೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ನಾಟಕದ ಪುಸ್ತಕ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ನಾಟಕದ ವಿಷಯ ಬಂದರೂ ಅದು ಪ್ರಯೋಗದ ವರದಿಯಾಗಿಯೇ ಬರುತ್ತದೆ: ಯಾರ ಅಭಿನಯ ಚೆನ್ನಾಗಿತ್ತು, ಬೆಳಕು ಹೇಗಿತ್ತು, ಜನ ಎಷ್ಟು ಸೇರಿದ್ದರು. ಆ ನಾಟಕವನ್ನು ಮನೆಯಲ್ಲಿ ಕೂತು ಓದಿದರೆ ಏನು ದಕ್ಕುತ್ತದೆ ಎಂಬ ಮಾತೇ ಇರುವುದಿಲ್ಲ. ‘ನಾಟಕ ಇರುವುದು ನೋಡುವುದಕ್ಕೆ, ಓದುವುದಕ್ಕಲ್ಲ’ ಎಂದು ರಂಗಭೂಮಿಯವರೇ ಹೇಳುವುದನ್ನು ಕೇಳಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಓದುವ ಅಭ್ಯಾಸ ತಪ್ಪಿದ್ದರಿಂದಲೇ ಆಡುವ ನಾಟಕಗಳೂ ನಾಲ್ಕೈದಕ್ಕೆ ಇಳಿದಿವೆ ಎಂಬುದು ನನ್ನ ಅನುಭವ.

ಹವ್ಯಾಸಿ ತಂಡವೊಂದರಲ್ಲಿ ಬಹಳ ವರ್ಷ ದುಡಿದಿದ್ದೇನೆ. ನಾಟಕ ಆರಿಸಲು ಕೂತಾಗ ಅಲ್ಲಿ ಬರುತ್ತಿದ್ದ ಮೊದಲ ಪ್ರಶ್ನೆ ‘ಸ್ತ್ರೀಪಾತ್ರ ಎಷ್ಟು?’ ಎರಡನೆಯದು ‘ಒಂದೂವರೆ ಗಂಟೆಯಲ್ಲಿ ಮುಗಿಯುತ್ತದಾ?’ ನಾಟಕ ಏನು ಹೇಳುತ್ತದೆ ಎನ್ನುವ ಹೊತ್ತಿಗೆ ಸಭೆ ಮುಗಿದಿರುತ್ತಿತ್ತು. ಇದು ಸಾಕಾಗಿ ನಾವು ಕೆಲವರು ವಾರಕ್ಕೊಮ್ಮೆ ಸುತ್ತ ಕೂತು, ಪಾತ್ರ ಹಂಚಿಕೊಂಡು, ಅಭಿನಯದ ಗೊಡವೆಯಿಲ್ಲದೆ ಬರೀ ಗಟ್ಟಿಯಾಗಿ ಓದತೊಡಗಿದೆವು. ಮೊದಮೊದಲು ಕಂಸದೊಳಗಿನ ರಂಗಸೂಚನೆಗಳನ್ನು ಹಾರಿಸಿ ಮಾತುಗಳನ್ನಷ್ಟೇ ಓದುತ್ತಿದ್ದೆವು. ಅದು ತಪ್ಪೆಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಆಮೇಲೆ ರಂಗಸೂಚನೆ ಓದುವುದಕ್ಕೆಂದೇ ಒಬ್ಬರನ್ನು ಕೂರಿಸಿದೆವು.

ಸ್ಯಾಮ್ಯುಯೆಲ್ ಬೆಕೆಟ್‌ನ ‘ಗೋಡೋಗಾಗಿ ಕಾಯುತ್ತಾ’ 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂತು. ಅದರ ಎರಡೂ ಅಂಕ ಮುಗಿಯುವುದು ಒಂದೇ ರೀತಿ. ಹೋಗೋಣವೇ ಎಂದು ಒಬ್ಬ ಕೇಳುತ್ತಾನೆ, ಹೋಗೋಣ ಎಂದು ಇನ್ನೊಬ್ಬ ಹೇಳುತ್ತಾನೆ. ಮೊದಲ ಅಂಕದಲ್ಲಿ ಕೇಳಿದವನು ಎರಡನೆಯದರಲ್ಲಿ ಉತ್ತರ ಕೊಡುವವನಾಗುತ್ತಾನೆ, ಅಷ್ಟೇ ವ್ಯತ್ಯಾಸ. ಕೆಳಗೆ ಕಂಸದಲ್ಲಿ ಒಂದು ಸೂಚನೆ ಇದೆ: ಅವರು ಕದಲುವುದಿಲ್ಲ. ಅದನ್ನು ಬಿಟ್ಟು ಓದಿದರೆ ಅಲ್ಲಿ ಇಬ್ಬರು ಎದ್ದು ಹೊರಟಂತಾಯಿತು. ಚೆಕೊವ್‌ನ ‘ಚೆರ್ರಿ ತೋಪು’ ಮುಗಿಯುವಾಗ ಎಲ್ಲರೂ ಮನೆ ಬಿಟ್ಟು ಹೋಗಿದ್ದಾರೆ, ಮುದಿ ಆಳೊಬ್ಬ ಮಾತ್ರ ಒಳಗೆ ಉಳಿದುಬಿಟ್ಟಿದ್ದಾನೆ. ದೂರದಲ್ಲಿ, ಆಕಾಶದಿಂದಲೋ ಎಂಬಂತೆ ತಂತಿ ಕಡಿದ ಸದ್ದು. ಆಮೇಲೆ ಮರಕ್ಕೆ ಬೀಳುವ ಕೊಡಲಿಯ ಏಟು. ಅಲ್ಲಿ ಯಾರಿಗೂ ಮಾತಿಲ್ಲ. ನಮ್ಮ ಕಾಲದ ಫ್ರೆಂಚ್ ನಾಟಕಕಾರ ಫ್ಲೋರಿಯನ್ ಜೆಲ್ಲೆರ್ 2012ರಲ್ಲಿ ರಂಗಕ್ಕೆ ತಂದ ‘ತಂದೆ’ ನಾಟಕದಲ್ಲೂ ಹೀಗೇ. ಮರೆವಿಗೆ ಸಿಕ್ಕ ಮುದುಕನ ಸುತ್ತಲಿನ ಕುರ್ಚಿ ಮೇಜುಗಳು ದೃಶ್ಯದಿಂದ ದೃಶ್ಯಕ್ಕೆ ಕಡಿಮೆಯಾಗುತ್ತಾ ಹೋಗುತ್ತವೆ. ಅವನ ಮನಸ್ಸಿನಲ್ಲಿ ಏನಾಗುತ್ತಿದೆಯೋ ಅದು ಓದುವವನ ಕಣ್ಣೆದುರಿಗೇ ಆಗುತ್ತಿರುತ್ತದೆ.

ಇಬ್ಸೆನ್‌ನ ‘ಗೊಂಬೆಮನೆ’ (1879) ಕೊನೆಯಾಗುವುದು, ನಾಯಕಿ ನೋರಾ ಗಂಡ ಮಕ್ಕಳನ್ನು ಬಿಟ್ಟು ಹೊರಟಾಗ ಬಾಗಿಲು ಮುಚ್ಚಿಕೊಂಡ ಸದ್ದಿನಿಂದ. ಜರ್ಮನಿಯ ನಟಿಯೊಬ್ಬಳು ಮಕ್ಕಳನ್ನು ಬಿಟ್ಟು ಹೋಗುವ ತಾಯಿಯ ಪಾತ್ರ ಮಾಡಲಾರೆ ಎಂದು ಪಟ್ಟು ಹಿಡಿದಳು. ಬೇರೆಯವರು ತಿದ್ದುವ ಮೊದಲು ತಾನೇ ತಿದ್ದುವುದು ವಾಸಿಯೆಂದು ಇಬ್ಸೆನ್ ಇನ್ನೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ನೋರಾ ಮನೆ ಬಿಟ್ಟು ಹೋಗುವುದಿಲ್ಲ. ಹಾಗೆ ಬದಲಾಯಿಸಿದ್ದು ನಾಟಕದ ಮೇಲೆ ನಡೆದ ಅನಾಗರಿಕ ದೌರ್ಜನ್ಯ ಎಂದು ಅವನೇ ಹೇಳಿದ. ಎರಡನ್ನೂ ಒಂದರ ಹಿಂದೊಂದು ಓದಿ ನೋಡಿ. ಆ ಬಾಗಿಲಿನ ಸದ್ದಿಗೆ ಎಷ್ಟು ತೂಕವಿದೆ ಎಂದು ತಿಳಿಯುತ್ತದೆ.

ಹಳೆಯ ನಾಟಕ ಎಂದೊಡನೆ ಹಿಂಜರಿಯುವವರಿಗೆ ನಾನು ಮೊದಲು ಕೈಗಿಡುವುದು ಸಂಸ್ಕೃತ ನಾಟಕಕಾರ ಭಾಸನ ‘ಊರುಭಂಗ’. ಒಂದೇ ಅಂಕದ ನಾಟಕ. ಶತಮಾನಗಳ ಕಾಲ ಬರೀ ಹೆಸರಾಗಿ ಉಳಿದಿದ್ದ ಭಾಸನ 13 ನಾಟಕಗಳನ್ನು ಗಣಪತಿ ಶಾಸ್ತ್ರಿಗಳು ಹುಡುಕಿ, 1912ರಿಂದ ತಿರುವನಂತಪುರದಲ್ಲಿ ಅಚ್ಚು ಹಾಕಿಸಿದರು. ಇದು ಅವುಗಳಲ್ಲಿ ಒಂದು. ತೊಡೆ ಮುರಿದು ಬಿದ್ದಿರುವ ದುರ್ಯೋಧನನ ಬಳಿಗೆ ಪುಟ್ಟ ಮಗ ದುರ್ಜಯ ಬರುತ್ತಾನೆ. ದಿನವೂ ಕೂರುತ್ತಿದ್ದ ಹಾಗೆ ತೊಡೆಯೇರಲು ಹೋಗುತ್ತಾನೆ. ಅಪ್ಪ ತಡೆಯುತ್ತಾನೆ. ಯಾಕೆ ಎಂದು ಮಗು ಕೇಳುತ್ತದೆ. ಬೇರೆ ಎಲ್ಲಾದರೂ ಕೂತುಕೋ ಮಗನೇ, ನಿನ್ನ ಆ ಜಾಗ ಇವತ್ತಿನಿಂದ ಇಲ್ಲ ಎನ್ನುತ್ತಾನೆ ಅಪ್ಪ. ನಮ್ಮ ವಾಚನದಲ್ಲಿ ದುರ್ಯೋಧನನ ಮಾತು ಓದುತ್ತಿದ್ದವರು ಆ ಸಾಲಿನ ನಡುವೆ ಗಂಟಲು ಕಟ್ಟಿ ನಿಂತರು. ಪಕ್ಕದವರು ಪುಸ್ತಕ ತೆಗೆದುಕೊಂಡು ಮುಂದುವರಿಸಿದರು. ಬೆಳಕಿರಲಿಲ್ಲ, ಬಣ್ಣವಿರಲಿಲ್ಲ, ಕಿರೀಟವೂ ಇರಲಿಲ್ಲ. ಸಾವನ್ನು ರಂಗದ ಮೇಲೆ ತೋರಿಸಬಾರದೆಂಬ ಕಟ್ಟುಪಾಡನ್ನು ಮೀರಿ ಭಾಸ ದುರ್ಯೋಧನನನ್ನು ನಮ್ಮ ಮುಂದೆಯೇ ಸಾಯಿಸುತ್ತಾನೆ.

ಕಣ್ಣಿಗಿಂತ ಕಿವಿಗೆ ಮೊದಲು ಒಲಿಯುವ ನಾಟಕಗಳೂ ಇವೆ. ಕೈಲಾಸಂ ಅವರ ‘ಟೊಳ್ಳು ಗಟ್ಟಿ’ಯನ್ನು ಮೌನವಾಗಿ ಓದಹೊರಟವರು ಇಂಗ್ಲಿಷ್ ಬೆರೆತ ಆ ಕನ್ನಡದಲ್ಲಿ ಎಡವುತ್ತಾರೆ. ಬಾಯಿಬಿಟ್ಟು ಓದಿ, ಪ್ರತಿ ಮಾತಿಗೂ ಅದರ ಉಸಿರು ಸಿಗುತ್ತದೆ. ಕಾರ್ನಾಡರ ‘ತುಘಲಕ್’ (1964) ಎಲ್ಲರೂ ಬಲ್ಲ ನಾಟಕ. ಆದರೂ ಓದಿದಾಗ ಅದರ ಕಟ್ಟಡ ಬೇರೆಯೇ ಕಾಣುತ್ತದೆ. ಕಂಪನಿ ನಾಟಕದಲ್ಲಿ ಹಿಂದೆ ಸೆಟ್ ಬದಲಾಗುವವರೆಗೆ ಮುಂದಿನ ಪರದೆಯೆದುರು ಬೀದಿಯ ದೃಶ್ಯ, ಹಾಸ್ಯ ನಡೆಯುತ್ತಿತ್ತಲ್ಲ, ಆ ಜಾಗದಲ್ಲಿ ಅವರು ಅಗಸ ಅಜೀಜನನ್ನು ತಂದು ನಿಲ್ಲಿಸಿದ್ದಾರೆ. ಅವನು ದೃಶ್ಯದಿಂದ ದೃಶ್ಯಕ್ಕೆ ಮೇಲೇರುತ್ತಾ ಕೊನೆಗೆ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ.

ಇನ್ನು ಸ್ತ್ರೀಪಾತ್ರದ ಪ್ರಶ್ನೆ. ನಟಿಯರೇ ಹೆಚ್ಚಿರುವ ತಂಡ ಯೂರಿಪಿಡೀಸನ ‘ಟ್ರಾಯ್ ಹೆಂಗಸರು’ ಓದಲಿ. ಕ್ರಿ.ಪೂ. 415ರ ನಾಟಕ, ಯುದ್ಧ ಸೋತ ಊರಿನ ಹೆಂಗಸರ ಮಾತೇ ಹೆಚ್ಚು. ಒಬ್ಬಳೇ ನಟಿಯಿದ್ದರೆ ಕಾರ್ನಾಡರ ‘ಒಡಕಲು ಬಿಂಬ’ ಇದೆ: ಟಿವಿ ಪರದೆಯಲ್ಲಿನ ತನ್ನದೇ ಬಿಂಬ ಲೇಖಕಿಯೊಬ್ಬಳನ್ನು ವಿಚಾರಣೆಗೆ ಎಳೆಯುತ್ತದೆ. ಸೆಟ್ಟಿಗೆ ದುಡ್ಡಿಲ್ಲದವರು ಮರಾಠಿಯ ವಿಜಯ್ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ ನೋಡಲಿ. ಖಾಲಿ ಹಾಲು, ಕೆಲವು ಕುರ್ಚಿ, ಆಟಕ್ಕೆಂದು ಶುರುವಾಗಿ ಒಬ್ಬ ಹೆಣ್ಣನ್ನು ಮೂಲೆಗೆ ತಳ್ಳುವ ನ್ಯಾಯಾಲಯ. ‘ನಮ್ಮ ತಂಡಕ್ಕೆ ಹೊಂದುವ ನಾಟಕವೇ ಇಲ್ಲ’ ಎನ್ನುವವರು ದಯವಿಟ್ಟು ಮೊದಲು ಇಪ್ಪತ್ತು ನಾಟಕ ಓದಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಿಂಗಳಿಗೊಮ್ಮೆಯಾದರೂ ಒಂದು ನಾಟಕದ ಪುಸ್ತಕದ ಬಗ್ಗೆ ಬರೆಸಿ. ಹೊಸದು, ಹಳೆಯದು, ಅನುವಾದ ಯಾವುದೂ ಆಗಬಹುದು. ಎಷ್ಟು ಪಾತ್ರಗಳು, ಎಷ್ಟು ಹೊತ್ತು, ಯಾರ ಅನುವಾದ, ಪುಸ್ತಕ ಯಾರಲ್ಲಿ ಸಿಗುತ್ತದೆ, ಆಡಲು ಯಾರ ಅನುಮತಿ ಪಡೆಯಬೇಕು ಎಂಬ ವಿವರವನ್ನೂ ಕೊನೆಗೆ ಸೇರಿಸಿ. ಅದರ ಜೊತೆಗೆ ಅರ್ಧ ಪುಟದಷ್ಟು ಸಂಭಾಷಣೆಯನ್ನು, ರಂಗಸೂಚನೆಯನ್ನು ಕತ್ತರಿಸದೆ, ಅಚ್ಚು ಹಾಕಿ. ಓದಿದವರು ಅವತ್ತೇ ಮನೆಯಲ್ಲಿ ಇಬ್ಬರು ಕೂತು ಅಷ್ಟನ್ನು ಗಟ್ಟಿಯಾಗಿ ಓದಿ ನೋಡಬಹುದು.

ಇಂತಿ,
ಹವ್ಯಾಸಿ ರಂಗಕರ್ಮಿ, ನಿಮ್ಮ ಓದುಗ