ಮಗಳಿಗೊಂದು ಪತ್ರ: ಎಂಆರ್‌ಐ ಇದ್ದಮೇಲೆ ಮ್ಯಾಮೊಗ್ರಾಮ್ ಯಾಕೆ?

ಪ್ರೀತಿಯ ಪುಟ್ಟಿ,

ರಿಪೋರ್ಟ್ ನೋಡಿದೆ. ಬಿಆರ್‌ಸಿಎ1 ಪಾಸಿಟಿವ್ (ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್ ದೋಷ ಇದೆ) ಅಂದರೆ ಕಾಯಿಲೆ ಬಂದಿದೆ ಅಂತಲ್ಲ. ಆದರೆ ಉಳಿದವರು ನಲವತ್ತು ದಾಟಿದ ಮೇಲೆ ಶುರುಮಾಡುವ ತಪಾಸಣೆ ನಿನಗೆ ಮೂವತ್ತೊಂದಕ್ಕೇ ಬೇಕು, ಅದೂ ವರ್ಷಕ್ಕೆ ಎರಡು ಥರದ್ದು. ಎಂಆರ್‌ಐ ಅಷ್ಟು ಚೆನ್ನಾಗಿದ್ದರೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಯಾಕೆ ಅಂತ ಕೇಳಿದ್ದೀಯಲ್ಲ, ನ್ಯಾಯವಾದ ಪ್ರಶ್ನೆ.

ನಿನ್ನ ವಯಸ್ಸಿನವರ ಸ್ತನದಲ್ಲಿ ಗ್ರಂಥಿ ಹೆಚ್ಚು, ಕೊಬ್ಬು ಕಡಿಮೆ. ಮ್ಯಾಮೊಗ್ರಾಮಿನಲ್ಲಿ ಗ್ರಂಥಿಯೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಮೊಸರನ್ನದಲ್ಲಿ ಉಪ್ಪಿನ ಹರಳು ಹುಡುಕಿದ ಹಾಗೆ. ಎಂಆರ್‌ಐ ರಕ್ತದ ಓಟ ನೋಡುತ್ತದೆ. ಗಡ್ಡೆಯ ಹೊಸ ರಕ್ತನಾಳಗಳು ಸೋರುವಂಥವು, ಗ್ಯಾಡೊಲಿನಿಯಂ (ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ, ಬಣ್ಣ ಅನ್ನುವುದೂ ಇದನ್ನೇ) ಕೊಟ್ಟ ಒಂದೆರಡು ನಿಮಿಷಕ್ಕೇ ಅಲ್ಲಿ ಬೆಳಕು ಹತ್ತುತ್ತದೆ. ಅಪಾಯ ಹೆಚ್ಚಿದ್ದ 1909 ಹೆಂಗಸರ ಮೇಲೆ ನಡೆದ ಡಚ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹಾಲಿನ ನಾಳ ದಾಟಿ ಬೆಳೆದ ಕ್ಯಾನ್ಸರುಗಳಲ್ಲಿ ಶೇ. 79.5ನ್ನು ಎಂಆರ್‌ಐ ಹಿಡಿದರೆ, ಮ್ಯಾಮೊಗ್ರಾಮ್ ಹಿಡಿದದ್ದು ಶೇ. 33.3 ಮಾತ್ರ. ಆದರೆ ಇನ್ನೂ ನಾಳದೊಳಗೇ ಇದ್ದ ಕ್ಯಾನ್ಸರಿನಲ್ಲಿ ಮ್ಯಾಮೊಗ್ರಾಮೇ ಮುಂದಿತ್ತು. ಅಂಥವು ಎಷ್ಟೋ ಸಲ ಸಣ್ಣ ಸುಣ್ಣದ ಚುಕ್ಕೆಗಳಾಗಿ ಮಾತ್ರ ತೋರುತ್ತವೆ, ಸುಣ್ಣ ಎಂಆರ್‌ಐಗೆ ಕಾಣದು. ಎರಡೂ ಬೇಕು ಅನ್ನುವುದು ಇದಕ್ಕೇ.

ತಾರೀಖನ್ನು ಆಸ್ಪತ್ರೆಯವರ ಅನುಕೂಲಕ್ಕೆ ಬಿಡಬೇಡ. ಮುಟ್ಟಾದ ಮೊದಲ ದಿನದಿಂದ ಎಣಿಸಿ ಏಳರಿಂದ ಹದಿನಾಲ್ಕನೇ ದಿನದೊಳಗೆ ಎಂಆರ್‌ಐ ಆಗಲಿ. ಆಮೇಲೆ ಹಾರ್ಮೋನಿನಿಂದ ಸರಿಯಿರುವ ಗ್ರಂಥಿಯೂ ಬಣ್ಣ ಹೀರಿ ಹೊಳೆಯುತ್ತದೆ, ಅನುಮಾನದ ರಿಪೋರ್ಟ್ ಕೈಗೆ ಬರುತ್ತದೆ. ಬಸಿರಿನ ಸಂದೇಹ, ಕಿಡ್ನಿ ತೊಂದರೆ, ಹಿಂದೆ ಕಾಂಟ್ರಾಸ್ಟಿಗೆ ಅಲರ್ಜಿ ಇದ್ದರೆ ಮೊದಲೇ ಹೇಳು.

ಬಳೆ, ತಾಳಿ, ಕಾಲುಂಗುರ, ತಲೆಯ ಪಿನ್ನು ಎಲ್ಲ ತೆಗೆದಿಡು. ಬೋರಲು ಮಲಗಿಸಿ, ಎರಡೂ ಸ್ತನ ಕಾಯಿಲ್ ಅನ್ನುವ, ಚಿತ್ರದ ಸಂಕೇತ ಹಿಡಿಯುವ ಸಾಧನದ ಕುಳಿಗಳಲ್ಲಿ ಇಳಿಬೀಳುವಂತೆ ಹೊಂದಿಸುತ್ತಾರೆ. ಎದೆಮೂಳೆ ಒತ್ತಿ ನೋಯುತ್ತಿದ್ದರೆ ಆಗಲೇ ಹೇಳಿ ಮೆತ್ತೆ ಹಾಕಿಸಿಕೋ, ಶುರುವಾದ ಮೇಲೆ ಹೊರಳಾಡುವ ಹಾಗಿಲ್ಲ. ಮೊದಲು ಬಣ್ಣವಿಲ್ಲದೆ ಒಂದು ಸುತ್ತು, ಆಮೇಲೆ ಕೆಜಿಗೆ 0.1 ಮಿಲಿಮೋಲ್ ಲೆಕ್ಕದಲ್ಲಿ ಗ್ಯಾಡೊಲಿನಿಯಂ (ತೋಳಿನಲ್ಲಿ ತಣ್ಣಗೆ ಏರುವುದು ಗೊತ್ತಾಗುತ್ತದೆ), ಮತ್ತೆ ನಾಲ್ಕೈದು ಸುತ್ತು. ಕಂಪ್ಯೂಟರು ಮೊದಲಿನದನ್ನು ಆಮೇಲಿನದರಿಂದ ಕಳೆಯುತ್ತದೆ. ನಡುವೆ ನೀನು ಸ್ವಲ್ಪ ಜರುಗಿದರೂ ಅಂಚುಗಳು ಸುಳ್ಳೇ ಹೊಳೆಯುತ್ತವೆ. ಕೆಮ್ಮು ನೆಗಡಿ ಇದ್ದರೆ ದಿನ ಮುಂದೂಡುವುದೇ ವಾಸಿ.

ಮ್ಯಾಮೊಗ್ರಾಮಿನ ದಿನ ಪೌಡರು, ಡಿಯೋಡರೆಂಟು ಹಚ್ಚಬೇಡ. ಕಂಕುಳಲ್ಲಿ ಸುಣ್ಣದ ಚುಕ್ಕೆಯಂತೆಯೇ ಕಾಣುತ್ತವೆ. ಇದನ್ನು ಎಂಆರ್‌ಐ ಆದ ಆರು ತಿಂಗಳಿಗೆ ಇಟ್ಟುಕೋ. ಒಟ್ಟಿಗೇ ಮಾಡುವವರೂ ಇದ್ದಾರೆ, ನನಗೆ ಬಿಟ್ಟುಬಿಟ್ಟು ಮಾಡುವುದೇ ಸರಿ ಅನ್ನಿಸುತ್ತದೆ. ಬಿಆರ್‌ಸಿಎ1 ಗಡ್ಡೆ ಬೇಗ ಬೆಳೆಯುವಂಥದ್ದು, ವರ್ಷಪೂರ್ತಿ ಕಾಯದೆ ನಡುವೆ ಒಮ್ಮೆ ನೋಡಿದ ಹಾಗಾಗುತ್ತದೆ.

ಮತ್ತೆ ಕರೆದರೆ ಗಾಬರಿ ಬೀಳಬೇಡ. ಅದೇ ಡಚ್ ಅಧ್ಯಯನದಲ್ಲಿ ಕ್ಯಾನ್ಸರಿಲ್ಲದವರ ನೂರು ಎಂಆರ್‌ಐಗಳಲ್ಲಿ ಸುಮಾರು ಹತ್ತು ಸುಳ್ಳು ಎಚ್ಚರಿಕೆ ಕೊಟ್ಟವು, ಮ್ಯಾಮೊಗ್ರಾಮಿನಲ್ಲಿ ಐದು. ರಿಪೋರ್ಟಿನಲ್ಲಿ ಬೈರಾಡ್ಸ್ ಅಂಕಿ (ಅನುಮಾನ ಎಷ್ಟು ಅನ್ನುವುದರ ದರ್ಜೆ) ನೋಡು: 3 ಆದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೊಮ್ಮೆ, 4 ಅಥವಾ 5 ಆದರೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆ. ಅದಕ್ಕೆ ಮೊದಲು ಆ ಜಾಗವನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕುತ್ತಾರೆ. ಅಲ್ಲಿ ಕಾಣದಿದ್ದರೆ ಎಂಆರ್‌ಐ ನೋಡಿಕೊಂಡೇ ಸೂಜಿ ಹಾಕಬೇಕು, ಆ ಸೌಕರ್ಯ ಎಲ್ಲ ಕಡೆ ಇಲ್ಲ. ಬುಕ್ ಮಾಡುವ ಮುಂಚೆಯೇ ಕೇಳಿಕೋ. ಸಿಡಿ ತಪ್ಪದೆ ಇಸಿದುಕೊಂಡು ಬಾ, ಮುಂದಿನ ವರ್ಷ ಹೋಲಿಸಲು ಬೇಕಾಗುವುದು ಅದೇ.

ಇಂತಿ,
ಅಮ್ಮ