ಕೊರಿಯಾ ಪಾಠ ಮತ್ತು ಕಿಮ್ಚಿ ಭರಣಿ: ನಾಲ್ಕನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ‘ಕೊರಿಯಾದ ಮನೆ, ಊಟ, ಹಬ್ಬ’ ಚಟುವಟಿಕೆಯ ಬಗ್ಗೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ, ಕೆಲವರು ಕಚೇರಿಗೇ ಬಂದು ಮಾತಾಡಿದ್ದೀರಿ. ಮಕ್ಕಳು ಕಿಮ್ಚಿಯನ್ನು (ಕೋಸನ್ನು ಉಪ್ಪಿನಲ್ಲಿ ಹುದುಗಿಸಿ ಮಾಡುವ ಕೊರಿಯಾದ ಉಪ್ಪಿನಕಾಯಿ) ಭರಣಿಗೆ ತುಂಬುತ್ತಿರುವ ಫೋಟೋ ನೋಡಿದ ಮೇಲೆ, ಶಾಲೆಯಲ್ಲಿ ಮೀನು ಹಾಕಿದ ಪದಾರ್ಥ ತಿನ್ನಿಸುತ್ತಿದ್ದಾರೆ ಎಂಬ ಮಾತು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದೆ. ಮೊದಲಿಗೇ ಹೇಳಿಬಿಡುತ್ತೇನೆ: ನಮ್ಮ ಭರಣಿಯಲ್ಲಿ ಮೀನಿಲ್ಲ, ಸೀಗಡಿಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಯಾವ ಮಗುವಿಗೂ ಇನ್ನೂ ರುಚಿ ನೋಡಲು ಕೊಟ್ಟಿಲ್ಲ.

ನಿಮ್ಮ ಆತಂಕ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಕೊರಿಯಾದ ಮನೆಗಳಲ್ಲಿ ಮಾಡುವ ಸಾಮಾನ್ಯ ಕಿಮ್ಚಿಗೆ ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿಯೋ ಮೀನಿನ ರಸವೋ ಬೀಳುತ್ತದೆ. ಅಂಗಡಿಯ ಬಾಟಲಿಗಳಲ್ಲೂ ಇದು ಇರುವುದುಂಟು, ಆದ್ದರಿಂದಲೇ ನಾವು ಕೊಂಡು ತಂದಿಲ್ಲ. ಆದರೆ ಅಲ್ಲಿನ ಬೌದ್ಧ ವಿಹಾರಗಳ ಅಡುಗೆಯೇ ಬೇರೆ. ಅಲ್ಲಿ ಮಾಂಸ ಮೀನು ನಿಷಿದ್ಧ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಘಾಟಿನ ಐದು ಸೊಪ್ಪು ತರಕಾರಿಗಳೂ ವರ್ಜ್ಯ. ಅಲ್ಲೂ ಕಿಮ್ಚಿ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ನಾವು ಹಿಡಿದಿರುವುದು ಆ ಕ್ರಮವನ್ನು. ಮೆಣಸಿನಪುಡಿಯನ್ನೂ ಬಿಟ್ಟಿದ್ದೇವೆ, ಖಾರವಿಲ್ಲದ ಈ ಬಿಳಿ ಕಿಮ್ಚಿಗೆ ಕೊರಿಯಾದಲ್ಲಿ ಬೆಕ್‌ಕಿಮ್ಚಿ ಎನ್ನುತ್ತಾರೆ, ಖಾರ ತಡೆಯದ ಚಿಕ್ಕ ಮಕ್ಕಳಿಗೆ ಅಲ್ಲೂ ಕೊಡುವುದು ಇದನ್ನೇ.

ಮಾಡಿದ ವಿಧಾನವನ್ನು ಪೂರ್ತಿ ಬರೆಯುತ್ತಿದ್ದೇನೆ, ಮನೆಯಲ್ಲೇ ಮಾಡಿ ನೋಡಬಹುದು. ಒಂದು ಕಿಲೋ ನಾಪಾ ಕೋಸು (ಉದ್ದನೆಯ ಚೀನೀ ಕೋಸು) ಹೆಚ್ಚಿ, 70 ಗ್ರಾಂ ಕಲ್ಲುಪ್ಪು ಬೆರೆಸಿ ಎರಡು ಗಂಟೆ ಬಿಡಬೇಕು, ಅರ್ಧ ಗಂಟೆಗೊಮ್ಮೆ ಮೇಲೆ ಕೆಳಗೆ ಮಾಡಬೇಕು. ಎಲೆಯ ದಪ್ಪ ಬಿಳಿ ದಂಟನ್ನು ಬಗ್ಗಿಸಿದಾಗ ಬಳುಕಿದರೆ ಉಪ್ಪು ಹಿಡಿದಿದೆ, ಪಟ್ಟನೆ ಮುರಿದರೆ ಇನ್ನೂ ಅರ್ಧ ಗಂಟೆ ಬೇಕು. ಎರಡು ಮೂರು ಸಲ ತೊಳೆದು ಜಾಲರಿಯಲ್ಲಿ ಸೋರಲು ಬಿಡಿ. ಒಂದು ಚಮಚ ಅಕ್ಕಿಹಿಟ್ಟನ್ನು ಒಂದು ಲೋಟ ನೀರಿನಲ್ಲಿ ತೆಳ್ಳಗೆ ಗಂಜಿ ಕಾಯಿಸಿ ಆರಿಸಿ, ಸಣ್ಣಗೆ ಹೆಚ್ಚಿದ ಮೂಲಂಗಿ, ಕ್ಯಾರೆಟ್, ಶುಂಠಿ, ಮರಸೇಬಿನ ಜೊತೆ ಕೋಸಿಗೆ ಕಲಸಿ, ಗಾಜಿನ ಭರಣಿಗೆ ಒತ್ತಿ ತುಂಬಬೇಕು. ಭರಣಿಯ ಕಾಲು ಭಾಗ ಖಾಲಿ ಇರಲಿ, ಹುದುಗುವಾಗ ರಸ ಉಕ್ಕಿ ಹೊರಗೆ ಬರುತ್ತದೆ. ಉಪ್ಪು ಸಾಲದೆ ಹೋದರೆ ಕೋಸು ಮೆತ್ತಗಾಗಿ ಕೆಡುತ್ತದೆ. ಹೋಳುಗಳು ರಸದ ಮೇಲೆ ತೇಲಿ ಗಾಳಿ ತಾಗಿದರೆ ಬೂಷ್ಟು ಬರುತ್ತದೆ. ನಮ್ಮ ಹವೆಗೆ ಒಂದು ದಿನ ಹೊರಗಿಟ್ಟರೆ ಸಾಕು, ಆಮೇಲೆ ಫ್ರಿಜ್‌ಗೆ. ನಮ್ಮ ಭರಣಿಯೂ ಈಗ ಫ್ರಿಜ್‌ನಲ್ಲಿದೆ.

ಕೊಳೆತದ್ದನ್ನು ಕೊಡುತ್ತೀರಾ ಎಂದು ಒಬ್ಬ ತಾಯಿ ಕೇಳಿದರು. ಹುದುಗುವುದು ಬೇರೆ, ಕೊಳೆಯುವುದು ಬೇರೆ. ಇಡ್ಲಿ ಹಿಟ್ಟನ್ನು ಉಬ್ಬಿಸಿ ಹುಳಿಯಾಗಿಸುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾವೇ ಕಿಮ್ಚಿಯಲ್ಲೂ ಮೊದಲು ಕೆಲಸ ಶುರುಮಾಡುವುದು. ಕೆಡಿಸುವ ಸೂಕ್ಷ್ಮಜೀವಿಗಳನ್ನು ಉಪ್ಪು ಮತ್ತು ಹುಳಿ ದೂರ ಇಡುತ್ತವೆ.

ಕಿಮ್ಚಿ ಒಂದನ್ನು ಬಿಟ್ಟು ಉಳಿದದ್ದು ಕಲಿಸಿ ಎಂದೂ ಸಲಹೆ ಬಂದಿದೆ. ಅದಕ್ಕೆ ನಾನು ಒಪ್ಪಲಾರೆ. ಚಳಿಗಾಲದಲ್ಲಿ ಅಲ್ಲಿ ಹೊಲಗದ್ದೆ ಹೆಪ್ಪುಗಟ್ಟುತ್ತದೆ, ಹಸಿ ತರಕಾರಿ ಬೆಳೆಯುವುದಿಲ್ಲ. ಅದಕ್ಕೇ ನವೆಂಬರ್ ಕೊನೆಯ ಹೊತ್ತಿಗೆ ಮನೆಮಂದಿ, ನೆರೆಹೊರೆಯವರು ಒಟ್ಟಿಗೆ ಕೂತು ಇಡೀ ಚಳಿಗಾಲಕ್ಕೆ ಆಗುವಷ್ಟು ಕಿಮ್ಚಿ ಮಾಡಿ ಹಂಚಿಕೊಳ್ಳುತ್ತಾರೆ. ಕಿಮ್ಜಾಂಗ್ ಎಂಬ ಈ ರೂಢಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹವಾಮಾನ, ಊಟ, ನೆರೆಹೊರೆ ಮೂರೂ ಈ ಒಂದು ಭರಣಿಯಲ್ಲಿ ಮಕ್ಕಳ ಕೈಗೇ ಸಿಗುತ್ತವೆ. ಟಿವಿಯಲ್ಲಿ ಕೊರಿಯಾದ ಹಾಡು, ಧಾರಾವಾಹಿ ಅವರು ಹೇಗೂ ನೋಡುತ್ತಾರೆ, ಇದನ್ನು ನಾವೇ ಕಲಿಸಬೇಕು.

ಉಳಿದ ವಿಷಯಕ್ಕೆ ಅಷ್ಟಾಗಿ ಆಕ್ಷೇಪ ಬಂದಿಲ್ಲ. ಹೊಸವರ್ಷದ ಸೊಲ್ಲಾಲ್ ಹಬ್ಬದಲ್ಲಿ ಹಿರಿಯರಿಗೆ ಮಂಡಿಯೂರಿ ನಮಸ್ಕರಿಸುವ ಸೆಬೆ, ಹಿರಿಯರಿಂದ ಏನನ್ನೇ ತೆಗೆದುಕೊಂಡರೂ ಎರಡೂ ಕೈ ಚಾಚುವುದು, ಹಿರಿಯರು ಊಟ ಶುರುಮಾಡುವ ತನಕ ಕಾಯುವುದು: ಇವನ್ನು ಮಕ್ಕಳು ಖುಷಿಯಿಂದ ಮಾಡುತ್ತಿದ್ದಾರೆ. ಅಲ್ಲಿ ಅನ್ನ, ಸಾರು ಎರಡಕ್ಕೂ ಚಮಚ, ನಂಜಿಕೊಳ್ಳುವ ಪದಾರ್ಥಕ್ಕೆ ಜೋಡಿ ಕಡ್ಡಿ (ಚಾಪ್‌ಸ್ಟಿಕ್). ಬಟ್ಟಲನ್ನು ಕೈಗೆತ್ತಿಕೊಳ್ಳದೆ ಮೇಜಿನ ಮೇಲೇ ಬಿಟ್ಟು ಉಣ್ಣುತ್ತಾರೆ. ಕೊರಿಯಾದ ಊಟದ ಕಡ್ಡಿ ಚಪ್ಪಟೆ ಲೋಹದ್ದು, ಹೊಸಬರ ಕೈಯಲ್ಲಿ ಜಾರುತ್ತದೆ. ಆದ್ದರಿಂದ ತರಗತಿಯಲ್ಲಿ ಮೊಂಡು ತುದಿಯ ಮರದ ಕಡ್ಡಿ ಬಳಸುತ್ತೇವೆ. ಕಡ್ಡಿ ಹಿಡಿದು ಓಡಾಡಲು ಬಿಡುವುದಿಲ್ಲ.

ಕಿಮ್ಚಿಯ ರುಚಿ ನೋಡುವುದು ಕಡ್ಡಾಯವಲ್ಲ. ಕೊಡುವುದೂ ಮಗುವಿಗೆ ಒಂದು ಚಮಚ ಅಷ್ಟೇ. ಬೇಡ ಎಂದ ಮಗುವನ್ನು ಯಾರೂ ಪ್ರಶ್ನಿಸುವುದಿಲ್ಲ, ಬೇರೆ ಕೂರಿಸುವುದಿಲ್ಲ. ಬಡಿಸುವ ಕೆಲಸ ಆ ಮಕ್ಕಳದ್ದೂ ಹೌದು. ಮೂಲಂಗಿ, ಕ್ಯಾರೆಟ್, ಶುಂಠಿ ನೆಲದೊಳಗೆ ಬೆಳೆಯುವಂಥವು, ಅವನ್ನು ತಿನ್ನದ ಮನೆಯವರು ದಯವಿಟ್ಟು ಗಮನಿಸಿ. ನಿಮ್ಮ ಮನೆಯ ಊಟದ ನಿಯಮಕ್ಕೆ ಶಾಲೆ ಅಡ್ಡ ಬರುವುದಿಲ್ಲ. ಹಾಗೆಂದು ಪಾಠ ನಿಲ್ಲುವುದೂ ಇಲ್ಲ.

ಜೊತೆಗಿರುವ ಚೀಟಿಯಲ್ಲಿ ‘ಕೊಡಬಹುದು’ ಅಥವಾ ‘ಬೇಡ’ ಎಂದು ಗುರುತು ಹಾಕಿ, ಸಹಿ ಮಾಡಿ ಶುಕ್ರವಾರದೊಳಗೆ ಕಳುಹಿಸಿ.

ಚೀಟಿ ಬಾರದಿದ್ದರೆ ‘ಬೇಡ’ ಎಂದೇ ತಿಳಿಯುತ್ತೇವೆ. ಭರಣಿಯನ್ನು ಕಣ್ಣಾರೆ ನೋಡಬೇಕೆನ್ನುವವರು ಶಾಲೆ ಬಿಡುವ ಹೊತ್ತಿಗೆ ಅಡುಗೆಮನೆಗೆ ಬರಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ