ಸತ್ತ ಕುರಿಯ ಕುತ್ತಿಗೆ ನೋಡದೆ ‘ಚಿರತೆ’ ಎಂದು ಬರೆದರೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಚಿರತೆ ದಾಳಿ: 17 ಕುರಿ ಬಲಿ’ ಎಂಬ ಸುದ್ದಿ ಬಂದಿತ್ತು. ಶಹಾಪುರ ತಾಲ್ಲೂಕಿನ ನಮ್ಮೂರ ಕಾಲುವೆ ಪಕ್ಕದ ಹೊಲ ಅದು. ಚಿತ್ರದಲ್ಲಿ ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿದ್ದಾರೆ, ಹಿಂದೆ ಹತ್ತು ಹನ್ನೆರಡು ಮಂದಿ ನಿಂತಿದ್ದಾರೆ. ಎಡಗಡೆ ತಲೆಗೆ ಟವೆಲ್ ಸುತ್ತಿಕೊಂಡು ಬಗ್ಗಿರುವ ಮುದುಕ ನಾನೇ. ಫೋಟೋ ತೆಗೆಯುವ ಹೊತ್ತಿಗೆ ಹದಿನೇಳನ್ನೂ ಒಂದೊಂದಾಗಿ ತಿರುವಿ ನೋಡಿ ಮುಗಿಸಿದ್ದೆ. ಅಲ್ಲಿಗೆ ಚಿರತೆ ಬಂದಿರಲಿಲ್ಲ. ಕುರಿ ಕೊಂದದ್ದು ನಾಯಿ. ವರದಿಗಾರ ಹುಡುಗನಿಗೆ ಇದನ್ನು ಹೇಳಿದ್ದೆ. ಅವನು ತಲೆಯಾಡಿಸಿದ, ಬರೆದುಕೊಳ್ಳಲಿಲ್ಲ.

ನಾನು ಪಶುವೈದ್ಯನಲ್ಲ. ಜಾನುವಾರು ಪರಿವೀಕ್ಷಕನಾಗಿ ಗುರುಮಠಕಲ್, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ 31 ವರ್ಷ ಸೈಕಲ್, ಆಮೇಲೆ ಮೊಪೆಡ್ ತುಳಿದವನು. ಜನ ಮಾತ್ರ ‘ಡಾಕ್ಟರ್ ಸಾಹೇಬ್ರು’ ಎಂದೇ ಕರೆದರು, ನಾನೂ ತಿದ್ದಲು ಹೋಗಲಿಲ್ಲ. ಎಷ್ಟು ಸತ್ತ ಕುರಿಗಳ ಕುತ್ತಿಗೆ ತಡವಿದ್ದೇನೋ ಲೆಕ್ಕ ಇಟ್ಟಿಲ್ಲ.

ಆ ಬೆಳಿಗ್ಗೆ ಕಂಡದ್ದು ಇಷ್ಟು. ಭತ್ತ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಎಲ್ಲ ಕೆಂಗುರಿ. ಸುತ್ತ ಬಲೆ ಕಟ್ಟಿದ್ದರು, ಒಂದು ಮೂಲೆಯಲ್ಲಿ ಗೂಟ ಕಿತ್ತಿತ್ತು. ಸತ್ತ ಕುರಿಗಳ ತೊಡೆ, ಪಕ್ಕೆ, ಕಿವಿ ಹರಿದಿದ್ದವು. ಎರಡರ ಕೆಚ್ಚಲನ್ನೇ ಕಿತ್ತಿದ್ದವು. ಒಂದನ್ನೂ ಹೊತ್ತೊಯ್ದಿರಲಿಲ್ಲ, ಒಂದರಲ್ಲೂ ಹಿಡಿ ಮಾಂಸಕ್ಕಿಂತ ಹೆಚ್ಚು ತಿಂದಿರಲಿಲ್ಲ. ಚಿರತೆ ಹೀಗೆ ಕಂಡಕಂಡಲ್ಲಿ ಹರಿದು ಕೊಲ್ಲುವುದಿಲ್ಲ. ಅದು ಗಂಟಲಿಗೆ ಬಾಯಿ ಹಾಕುತ್ತದೆ. ಚರ್ಮ ಸುಲಿದರೆ ಕೋರೆಹಲ್ಲಿನ ತೂತುಗಳು ಆಳಕ್ಕೆ ಇಳಿದದ್ದೂ ಸುತ್ತ ರಕ್ತ ಹೆಪ್ಪುಗಟ್ಟಿದ್ದೂ ಕಾಣುತ್ತದೆ. ತೋಳವೂ ಗಂಟಲನ್ನು ಹಿಡಿಯುತ್ತದೆ, ಮರಿಯಾದರೆ ಎತ್ತಿಕೊಂಡೇ ಹೋಗುತ್ತದೆ. ದೊಡ್ಡಿಯೊಳಗೆ ಸಿಕ್ಕಿಕೊಂಡರೆ ತೋಳ ಒಂದಕ್ಕಿಂತ ಹೆಚ್ಚು ಕೊಲ್ಲುವುದುಂಟು, ಇಲ್ಲವೆನ್ನಲಾರೆ. ಆದರೆ ಹದಿನೇಳನ್ನು ಹಿಂದಿನಿಂದ ಕಚ್ಚಿ, ಓಡಾಡಿಸಿ, ಆಟವಾಡಿ ಬಿಟ್ಟುಹೋಗುವುದು ಊರ ನಾಯಿಗಳ ಕೆಲಸ.

ಕಾಲುವೆಯ ಹಸಿ ಮಣ್ಣಲ್ಲಿ ಹೆಜ್ಜೆಗಳೂ ಇದ್ದವು. ಬೆಕ್ಕಿನ ಜಾತಿಯದು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ಆದ್ದರಿಂದ ಚಿರತೆಯ ಹೆಜ್ಜೆ ದುಂಡಗೆ, ಉಗುರಿನ ಗುರುತಿಲ್ಲದೆ ಬೀಳುತ್ತದೆ. ಇಲ್ಲಿ ಪ್ರತಿ ಬೆರಳ ಮುಂದೆಯೂ ಉಗುರಿನ ಚುಕ್ಕೆ ಇತ್ತು. ಹಾಗಾದರೆ ತೋಳವೇ ಎನ್ನುವಿರಾ? ತೋಳದ ಹೆಜ್ಜೆ ಸ್ವಲ್ಪ ಉದ್ದ. ಮುಂಗಾಲು ಊರಿದಲ್ಲೇ ಹಿಂಗಾಲು ಊರುತ್ತಾ, ದಾರ ಹಿಡಿದು ಎಳೆದಂತೆ ನೇರ ಹೋಗುತ್ತದೆ. ಇವು ಸಣ್ಣವು, ದೊಡ್ಡವು, ಅಡ್ಡಾದಿಡ್ಡಿ, ಕನಿಷ್ಠ ಐದು ಪ್ರಾಣಿಗಳವು. ಒಂದರದು ಹಿಂದಿನ ಎಡಗಾಲು ಊರಿರಲೇ ಇಲ್ಲ, ಮಣ್ಣ ಮೇಲೆ ಎಳೆದ ಗೆರೆ ಇತ್ತು. ಅಂಥ ಕುಂಟು ಕಂದು ನಾಯಿಯೊಂದನ್ನು ನಾನು ದಿನಾ ಬೆಳಿಗ್ಗೆ ಚಹಾಕ್ಕೆ ಹೋಗುವಾಗ ಊರ ಹೊರಗೆ ಕೋಳಿ ಅಂಗಡಿಯವರು ಪುಕ್ಕ, ಕರುಳು ಸುರಿಯುವ ಗುಂಡಿಯ ಹತ್ತಿರ ನೋಡುತ್ತೇನೆ.

ಕುರಿಗಾರ ಅಣ್ಣನಿಗೆ ಇದನ್ನೆಲ್ಲ ತೋರಿಸಿದೆ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪಕ್ಕಕ್ಕೆ ಕರೆದು, “ಸಾಹೇಬ್ರ, ನೀವು ಹೇಳೂದು ಖರೇ ಅದ. ಆದ್ರ ನಾಯಿ ಅಂತ ಬರಸಿದ್ರ ನನಗ ರೊಕ್ಕಾ ಯಾರ್ ಕೊಡ್ತಾರ್ರೀ?” ಎಂದ. ಏನು ಉತ್ತರ ಕೊಡಲಿ? ಕಾಡುಪ್ರಾಣಿ ಕೊಂದರೆ ಅರಣ್ಯ ಇಲಾಖೆಯ ಪರಿಹಾರ ಉಂಟು ಎಂಬುದು ಪ್ರತಿ ಕುರಿಗಾರನಿಗೆ ಗೊತ್ತು. ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ ಸರ್ಕಾರದ ‘ಅನುಗ್ರಹ’ ಯೋಜನೆಯೂ ಇದೆ. ಆದರೆ ಇವತ್ತು ಈ ಹೊಲ, ಎಂಟು ದಿನ ಬಿಟ್ಟು ಇನ್ನೊಂದು ತಾಲ್ಲೂಕು ಎಂದು ತಿರುಗುವವನು ಯಾವ ಕಚೇರಿಯ ಮುಂದೆ ಎಷ್ಟು ದಿನ ಕೂತಾನು? ಅವನ ಬಾಯಲ್ಲಿ ‘ಚಿರತೆ’ ಬಂದರೆ ನಾನು ತಪ್ಪು ಹಿಡಿಯುವುದಿಲ್ಲ. ನಿಮ್ಮ ತಲೆಬರಹದಲ್ಲಿ ಬಂದದ್ದಕ್ಕೆ ಹಿಡಿಯುತ್ತೇನೆ.

ಏಕೆಂದರೆ ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಸಂಜೆಗೆ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಚಿರತೆ ತೋಳವಾಯಿತು. 2024ರ ಮಳೆಗಾಲದಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದದ್ದನ್ನು ಟಿವಿಯಲ್ಲಿ ನೋಡಿದ ಜನ. ಅದು ಆಗಬಾರದ್ದು, ಆಯಿತು, ಅಲ್ಲಿನ ತಾಯಂದಿರ ಸಂಕಟ ಸುಳ್ಳಲ್ಲ. ಯಾರೋ ಆ ಹಳೇ ವಿಡಿಯೋವನ್ನು ನಮ್ಮೂರ ಹೆಸರು ಹಾಕಿ ಕಳಿಸಿದರು. ಮೂರನೇ ದಿನ ಹತ್ತಿಪ್ಪತ್ತು ಹುಡುಗರು ಊರ ಹಿಂದಿನ ಮಡ್ಡಿಗೆ, ಅಂದರೆ ಬೀಳು ಬಿದ್ದ ಕಲ್ಲುನೆಲಕ್ಕೆ, ಹೋದರು. ಅಲ್ಲೊಂದು ಬಿಲ ಇತ್ತು, ನಾಲ್ಕಾರು ಬಾಯಿಯದು. ಒಂದನ್ನು ಬಿಟ್ಟು ಉಳಿದವಕ್ಕೆ ಕಲ್ಲು ಜಡಿದು, ತೊಗರಿಕಟ್ಟಿಗೆಗೆ ಒಣಮೆಣಸಿನಕಾಯಿ ಹಾಕಿ ಹೊಗೆ ಬಿಟ್ಟರು. ತಾಯಿ ಹೊರಗೆ ಬಂತು. ‘ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ನಾನು ಎಷ್ಟು ಸಲ ಹೇಳಿರಬಹುದು, ನಡೆಯುವುದನ್ನು ನೋಡಿರಲಿಲ್ಲ. ಅವತ್ತೂ ನೋಡಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹುಡುಗರು ನನಗೆ ತೋರಿಸಿದ್ದು ತೋಳ ಅಲ್ಲ. ಮನೆಯ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಕಡ್ಡಿಯಂಥ ಕಾಲು, ದೊಡ್ಡ ಕಿವಿ, ಪೊದೆಯಂಥ ಬಾಲ, ಬಾಲದ ತುದಿ ಮಸಿಯಲ್ಲಿ ಅದ್ದಿದಷ್ಟು ಕಪ್ಪು. ಸಣ್ಣ ನರಿ. ಬಿಲ ಅಗೆದರೆ ಮೂರು ಮರಿ, ಕಣ್ಣು ಬಿಟ್ಟಿರಲಿಲ್ಲ. (ಊಳಿಡುವ ದೊಡ್ಡ ನರಿಗೂ ಇದಕ್ಕೂ ಕನ್ನಡದಲ್ಲಿ ಒಂದೇ ಹೆಸರು ಹೇಳಿ ನಾವು ಕೈ ತೊಳೆದುಕೊಂಡಿದ್ದೇವೆ. ಅವೆರಡೂ ಬೇರೆ ಬೇರೆ ಪ್ರಾಣಿಗಳು.) ಇದು ತಿನ್ನುವುದು ಇಲಿ, ಮಿಡತೆ, ಗೆದ್ದಲು, ಹಲ್ಲಿ, ಬಾರಿಹಣ್ಣು. ಕುರಿ ಕೊಲ್ಲುವುದಿರಲಿ, ಟಗರು ತಿರುಗಿ ನಿಂತರೆ ಓಡುವ ಜೀವ. ತೊಗರಿ ಹೊಲದ ಬದುಗಳಲ್ಲಿ ಇಲಿ ಹಿಡಿಯುತ್ತಿದ್ದ ಅದನ್ನು ರೈತರೇ ಹೊಡೆದು ಹಾಕಿದರು. ಒಬ್ಬ ಹುಡುಗ ಬಾಲ ಎತ್ತಿ ಹಿಡಿದು, “ತಾತಾ, ಇದು ತ್ವಾಳದ ಮರಿ ಇರಬೇಕಲ್ಲ?” ಎಂದ. ಅವನಿಗೆ ಹದಿನೈದು ವರ್ಷ ಇರಬಹುದು, ತೋಳ ನೋಡಿದವನಲ್ಲ.

ನಾನು ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ ಸೇಡಂ ಕಡೆ ಕಾಲುಬಾಯಿ ಲಸಿಕೆ ಹಾಕಿ ಬರುವಾಗ ಫರಸಿ ಕಲ್ಲು ತೆಗೆದು ಬಿಟ್ಟ ಹಳೇ ಗಣಿಯ ಹತ್ತಿರ ಸೈಕಲ್ ಪಂಕ್ಚರ್ ಆಯಿತು. ಜನವರಿ ತಿಂಗಳು, ಹೊತ್ತು ಮುಳುಗುತ್ತಿತ್ತು. ಎದುರಿನ ಹಾಸುಗಲ್ಲಿನ ಕೆಳಗಿಂದ ನಾಲ್ಕು ಮರಿಗಳು ಉರುಳಿಕೊಂಡು ಬಂದವು. ಸ್ವಲ್ಪ ಹೊತ್ತಿಗೆ ಒಂದು ತೋಳ ತಲೆ ತಗ್ಗಿಸಿಕೊಂಡು ಒಂದೇ ಗತಿಯಲ್ಲಿ ನಡೆದು ಬಂತು. ಬಾಯಲ್ಲಿ ಏನೂ ಇರಲಿಲ್ಲ. ಮರಿಗಳು ಓಡಿಹೋಗಿ ಅದರ ಬಾಯಿಯ ಮೂಲೆ ನೆಕ್ಕತೊಡಗಿದವು. ಅದು ಬೆನ್ನು ಬಾಗಿಸಿ, ಎರಡು ಸಲ ಹೊಟ್ಟೆ ಕುಲುಕಿ, ನುಂಗಿ ತಂದಿದ್ದ ಮಾಂಸವನ್ನೆಲ್ಲ ಅವುಗಳ ಮುಂದೆ ಕಾರಿತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿತು. ನಾನು ಸೈಕಲ್ ನೂಕಿಕೊಂಡು ಬಂದೆ. ಮರುದಿನ ಅಲ್ಲಿನ ಕುರಿಗಾರರಿಗೆ ಹೇಳಿದರೆ ನಕ್ಕರು. ಅವರಿಗೆ ಆ ಜಾಗ ಮೊದಲೇ ಗೊತ್ತಿತ್ತು. ವರ್ಷಕ್ಕೆ ಎರಡು ಮೂರು ಮರಿ ಹೋಗುತ್ತವೆ, ಬೈಯುತ್ತೇವೆ, ಬಲೆ ಬಿಗಿ ಮಾಡುತ್ತೇವೆ ಎಂದರು. ಅಷ್ಟೇ.

ಈಗ ದೇಶದಲ್ಲಿ ತೋಳ ಸುಮಾರು 3,100 ಉಳಿದಿವೆ ಎಂದು ಅಂದಾಜು. 2022ರ ಗಣತಿಯಲ್ಲಿ ಹುಲಿಯ ಲೆಕ್ಕವೇ 3,682 ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೋಳ ಇರುವುದು ಹುಲಿ ಇರುವ ಮೊದಲ ಅನುಸೂಚಿಯಲ್ಲೇ. ಚಿಂಚೋಳಿಯಲ್ಲಿ 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಅಭಯಾರಣ್ಯ ಮಾಡಿದ್ದಾರೆ, ಒಳ್ಳೆಯದೇ. ಆದರೆ ತೋಳ ಮರಗಳ ನಡುವೆಯೇ ಇರುವ ಪ್ರಾಣಿ ಅಲ್ಲ. ಮಡ್ಡಿ, ಗಾಯರಾಣ (ದನ ಮೇಯುವ ಗೋಮಾಳ), ಕುರುಚಲು, ಪಾಳು ಗಣಿ ಇವೇ ಅದರ ಊರು. ಅದನ್ನೆಲ್ಲ ನಾವು ‘ಖಾಲಿ ಜಾಗ’ ಎಂದು ಬರೆದುಕೊಂಡಿದ್ದೇವೆ.

ನಾಯಿ ಇಷ್ಟಾದದ್ದರಲ್ಲಿ ನನ್ನ ಕೈಯೂ ಇದೆ. ನೌಕರಿಯಲ್ಲಿದ್ದಾಗ ಬಾವು, ನೋವು ಎಂದರೆ ಎತ್ತಿಗೂ ಎಮ್ಮೆಗೂ ಡೈಕ್ಲೋಫೆನಾಕ್ ಚುಚ್ಚುತ್ತಿದ್ದೆವು, ಅಗ್ಗದ ಒಳ್ಳೇ ಔಷಧ ಅದು. ಆ ಔಷಧ ಮೈಯಲ್ಲಿರುವಾಗ ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂದು ತಿಳಿದು 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಹದ್ದುಗಳು ಹೋಗಿಯೇ ಬಿಟ್ಟಿದ್ದವು. ಮೊದಲು ಒಂದೆರಡು ತಾಸಿನಲ್ಲಿ ಬರೀ ಎಲುಬಾಗುತ್ತಿದ್ದ ಸತ್ತ ಎಮ್ಮೆ ಈಗ ಎಂಟು ದಿನ ನಾಯಿಗಳಿಗೆ ಊಟ. ಅದರ ಮೇಲೆ ಕೋಳಿ ಅಂಗಡಿಯ ಗುಂಡಿ. ಹೀಗೆ ಕೊಬ್ಬಿದ ನಾಯಿಗಳೇ ರಾತ್ರಿ ಗುಂಪು ಕಟ್ಟಿ ಹೊಲಕ್ಕೆ ಇಳಿಯುತ್ತವೆ. ಹುಚ್ಚುನಾಯಿ ರೋಗ (ರೇಬೀಸ್) ಮತ್ತು ಡಿಸ್ಟೆಂಪರ್ ರೋಗ ಇವುಗಳಿಂದಲೇ ತೋಳ, ನರಿಗಳಿಗೂ ದಾಟುತ್ತವೆ.

ನನ್ನದು ಎರಡೇ ಬೇಡಿಕೆ. ಆ ಸುದ್ದಿಗೆ ತಿದ್ದುಪಡಿ ಹಾಕಿ. ಎರಡು ಸಾಲು ಸಾಕು, ‘ಕುರಿ ಕೊಂದದ್ದು ಬೀದಿನಾಯಿ’ ಎಂದು. ಚಿರತೆಗೆ ಕೊಟ್ಟಷ್ಟು ದೊಡ್ಡ ಅಕ್ಷರ ಬೇಡ. ಮುಂದಿನ ಸಲ ಇಂಥ ಸುದ್ದಿ ಬಂದರೆ ವರದಿಗಾರರು ಸತ್ತ ಕುರಿಗಳನ್ನು ಸಾಲಾಗಿ ಮಲಗಿಸಿ ಫೋಟೋ ತೆಗೆಯುವ ಮೊದಲು ಕುತ್ತಿಗೆಯ ಒಂದು ಫೋಟೋ, ಪಕ್ಕದಲ್ಲಿ ಪೆನ್ನು ಇಟ್ಟು ಹೆಜ್ಜೆಯ ಒಂದು ಫೋಟೋ ತೆಗೆಯಲಿ. ಗುರುತು ಹಿಡಿಯಲು ನನ್ನನ್ನು ಕರೆಯಲಿ, ಇಲ್ಲವೇ ಹತ್ತಿರದ ಯಾವುದೇ ಪಶು ಆಸ್ಪತ್ರೆಯವರನ್ನು ಕರೆಯಲಿ. ನಾನಂತೂ ಬರುತ್ತೇನೆ, ಬಸ್ ಚಾರ್ಜ್ ಕೂಡ ಬೇಡ. ಆದರೆ ಬೆಳಿಗ್ಗೆ ಬೇಗ ಹೇಳಲಿ. ಹತ್ತು ಗಂಟೆಯ ಮೇಲೆ ಊರೆಲ್ಲ ನೋಡಲು ಬಂದು ಹೆಜ್ಜೆ ತುಳಿದು ಹಾಕಿರುತ್ತಾರೆ.

ಇಂತಿ,
ನಿವೃತ್ತ ಜಾನುವಾರು ಪರಿವೀಕ್ಷಕ
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ